ಕಡಲಿಗೆ ಹೋಗುವ ನೀರು

ಶಿರಸಿ ಪೇಟೆಯ ಶಂಕರಹೊಂಡ ಅಘನಾಶಿನಿಯ ಒಂದು ಮೂಲ. ಆ ನೀರು ಸಿದ್ದಾಪುರದ ಕಾಡಿನಲ್ಲಿ ಸುತ್ತಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾದಲ್ಲಿ ಕಡಲು ಸೇರುತ್ತದೆ. ಯಲ್ಲಾಪುರದವರ ಬೇಡ್ತಿಯೂ ಮಾಗೋಡಿನಲ್ಲಿ ಬಿದ್ದು ಗಂಗಾವಳಿ ಎನಿಸಿಕೊಂಡು ಅಂಕೋಲೆಯ ಕಡೆ ಇಳಿಯುತ್ತದೆ. ಘಟ್ಟದ ಮೇಲಿನ ನಮಗೋ, ಕುಮಟಾ ಎಂದರೆ ರೈಲು ಹಿಡಿಯುವ ಊರು, ದಾರಿಯಲ್ಲೊಂದಿಷ್ಟು ತಿರುವು, ಅಷ್ಟೇ.

ಹಿಂದೆ ಹಾಗಿರಲಿಲ್ಲ. ನಮ್ಮ ತೋಟದ ಕಾಳುಮೆಣಸು, ಅಡಿಕೆ, ಧಾರವಾಡದ ಕಡೆಯ ಹತ್ತಿ ಎಲ್ಲ ದೇವಿಮನೆ ಘಟ್ಟ ಇಳಿದು ಅಲ್ಲಿ ಹಡಗು ಹತ್ತುತ್ತಿದ್ದವು. ಉಪ್ಪು, ಒಣಮೀನು ಗಾಡಿಯಲ್ಲಿ ಮೇಲೆ ಬರುತ್ತಿದ್ದವು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ಕುಮಟಾ ಬಂದರಿಗೆ ಸುಗ್ಗಿ. ಬೆಳೆದದ್ದು ಬಯಲುಸೀಮೆಯಲ್ಲಿ, ಮಾರುಕಟ್ಟೆಯಲ್ಲಿ ಹೆಸರು ಮಾತ್ರ 'ಕುಮಟಾ ಹತ್ತಿ'! 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವರ್ತಕರ ಒತ್ತಾಯವಿತ್ತು. ಮುಂದೆ ಹುಬ್ಬಳ್ಳಿಯ ರೈಲು ಮರ್ಮಗೋವೆಗೆ ದಾರಿ ಮಾಡಿಕೊಂಡಿತು, ಕುಮಟಾ ಬಂದರು ಸೊರಗಿತು.

ಬಂದರಿನ ಭಾಗ್ಯ ವರ್ತಕರ ಕೈಲಿತ್ತು. ಅಳಿವೆಯ ಭಾಗ್ಯ ಹಾಗಲ್ಲ, ಅದು ನಮ್ಮ ಬೆಟ್ಟದ ಮಳೆಯದು. ಅಘನಾಶಿನಿ ಗ್ರಾಮಕ್ಕೆ ಇಳಿತದ ಹೊತ್ತಿಗೆ ಹೋಗಿ ನೋಡಿ. ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಕಾಲಲ್ಲೇ ಕೆಸರು ತಡವುತ್ತಾರೆ, ಚಿಪ್ಪು ತಾಗಿದ ಕೂಡಲೇ ಬಗ್ಗಿ ಬಳಚು ಎತ್ತಿ ಬುಟ್ಟಿಗೆ ಹಾಕುತ್ತಾರೆ. ಬಳಚು ಬೆಳೆಯಲು ಬರೀ ಉಪ್ಪುನೀರು ಸಾಲದು, ಬರೀ ಸಿಹಿನೀರೂ ಆಗದು. ಎರಡೂ ಹದವಾಗಿ ಬೆರೆಯಬೇಕು. ಮಾಣಿಕಟ್ಟಾದ ಗಜನಿಯಲ್ಲಿ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯಲ್ಲಿ, ಉಪ್ಪು ತಾಳಿಕೊಂಡು ಬೆಳೆಯುವ ಕಗ್ಗ ಭತ್ತದ ಬದುಕೂ ಈ ಹದದ ಮೇಲೆಯೇ ನಿಂತಿದೆ. ದೊಡ್ಡ ಅಣೆಕಟ್ಟೊಂದೂ ಇಲ್ಲದ ನದಿಯಾದ್ದರಿಂದ ಆ ಹದ ಇನ್ನೂ ಉಳಿದಿದೆ.

ಈಗ ಬೇಡ್ತಿಯನ್ನು ವರದೆಗೆ, ಅಘನಾಶಿನಿಯನ್ನು ವೇದಾವತಿಗೆ ತಿರುಗಿಸುವ ಮಾತು ನಡೆದಿದೆ. ಅದಕ್ಕೆ ಕೊಡುವ ಕಾರಣ: ನೀರು ಸುಮ್ಮನೆ ಸಮುದ್ರ ಸೇರಿ ವ್ಯರ್ಥವಾಗುತ್ತಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ 'ವ್ಯರ್ಥ' ಎಂದು ಬರೆಯುವ ಮೊದಲು ಬಳಚು ಹೆಕ್ಕುವವರ ಸಂಪಾದನೆಯನ್ನೂ ಲೆಕ್ಕಕ್ಕೆ ಹಿಡಿಯಬೇಡವೇ? ಅಘನಾಶಿನಿ ಅಳಿವೆಗೆ ಅಂತಾರಾಷ್ಟ್ರೀಯ ಮಹತ್ವದ ಜೌಗು ನೆಲವೆಂಬ ರಾಮ್ಸರ್ ಮಾನ್ಯತೆ ಸಿಕ್ಕಿದೆಯೆಂದು 2024ರ ಜನವರಿಯಲ್ಲಿ ಘೋಷಣೆಯಾಗಿದೆ. ಕಾಯಬೇಕಾದ ನೀರು ಇರುವುದು ಮಾತ್ರ ಘಟ್ಟದ ಮೇಲೆ, ನಮ್ಮ ತಾಲ್ಲೂಕುಗಳಲ್ಲಿ.