ಕಣ್ಣಿನ ದಾಸೋಹ

ಶರಣ ಬಂಧುಗಳೇ,



ಆಲೂಗಡ್ಡೆಗೆ ಅಂಗಮಾರಿ ಬಿದ್ದರೆ ನಾವು ಕೃಷಿ ವಿಜ್ಞಾನಿಗಳ ಮಾತನ್ನು ಕೂಡಲೇ ಕೇಳುತ್ತೇವೆ. ಅದೇ ವಿಜ್ಞಾನ, ತೀರಿಕೊಂಡವರ ಕಣ್ಣಿನಿಂದ ಕುರುಡರಿಗೆ ನೋಟ ಬರುತ್ತದೆ ಎಂದರೆ ಹಿಂಜರಿಯುತ್ತೇವೆ. ಪುರಾವೆ ಎರಡಕ್ಕೂ ಇದೆ. ಆದರೆ ಎರಡನೆಯದು ಧರ್ಮಕ್ಕೆ ತಾಗುವ ಮಾತು. ಅಲ್ಲಿ ಮನಸ್ಸು 'ಇದು ನಿಜವೇ?' ಎನ್ನುವ ಮೊದಲೇ 'ಇದು ಸರಿಯೇ?' ಎಂದು ಕೇಳುತ್ತದೆ. ಸರಿಯೆನಿಸದಿದ್ದರೆ ನಿಜವನ್ನೂ ಸುಳ್ಳೆನ್ನುತ್ತದೆ.

ವ್ಯಾಪಾರಸ್ಥರು ಎರಡು ಖಾತೆಗಳನ್ನು ಒಂದೇ ಪುಟದಲ್ಲಿ ಬೆರೆಸುವುದಿಲ್ಲ. ನಾವೂ ಇವನ್ನು ಬೇರೆ ಬೇರೆಯಾಗಿ ನೋಡೋಣ.

ನಿಜವೇನು? ಕಸಿಗೆ ಬೇಕಾದುದು ಕಣ್ಣಿನ ಮುಂಭಾಗದ ಗಾಜಿನಂಥ ಪದರ, ಕಾರ್ನಿಯಾ. ಅದರಲ್ಲಿ ರಕ್ತನಾಳಗಳಿಲ್ಲ. ಉಸಿರು ನಿಂತ ಮೇಲೂ ಅದು ಕೆಲಹೊತ್ತು ಕೆಡುವುದಿಲ್ಲ. ಸುಮಾರು 6 ಗಂಟೆಯೊಳಗೆ ತೆಗೆಯಬೇಕು. ಮುಪ್ಪು, ಕನ್ನಡಕ, ಸಕ್ಕರೆ ಕಾಯಿಲೆ ಸಾಮಾನ್ಯವಾಗಿ ಅಡ್ಡಿಯಾಗವು. ಮುಖ ವಿಕಾರವಾಗುವುದಿಲ್ಲ.

ಸರಿಯೇ? ದೇಹವನ್ನು ಊನಗೊಳಿಸಬಾರದು, ಕಣ್ಣು ಕೊಟ್ಟವರು ಮುಂದಿನ ಜನ್ಮದಲ್ಲಿ ಕುರುಡರಾಗುತ್ತಾರೆ ಎಂಬ ಅಳುಕು ಕೆಲವು ಹಿರಿಯರಲ್ಲಿದೆ. ದೇಹವನ್ನು ಗೌರವಿಸುವ ಮನಸ್ಸಿನಿಂದ ಬಂದ ಈ ಮಾತನ್ನು ನಗೆಯಾಡುವುದು ತರವಲ್ಲ. ಆದರೆ ಲಿಂಗೈಕ್ಯರಾದವರಿಗೆ ಮರುಜನ್ಮವೆಲ್ಲಿ? ಆ ಕುರುಡುತನವೆಲ್ಲಿ? ಮಣ್ಣು ಸೇರುವ ಕಣ್ಣು ಅದಕ್ಕೂ ಮೊದಲು ಒಬ್ಬರಿಗೆ ಬೆಳಕಾದರೆ ಅದೂ ದಾಸೋಹವೇ.

ನಮ್ಮ ಸೀಮೆಯ ಗಾಜನೂರಿನ ಡಾ. ರಾಜಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಅಗಲಿದ ಅವರ ಮಗ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ನೋಟ ಬಂತು. ಆ ಬಳಿಕ ಕರ್ನಾಟಕದಲ್ಲಿ ನೇತ್ರದಾನಕ್ಕೆ ಮುಂದೆ ಬರುವವರು ಬಹಳ ಹೆಚ್ಚಿದರು. ವೈದ್ಯರು ಮೊದಲಿನಿಂದಲೂ ಹೇಳುತ್ತಿದ್ದ ಮಾತೇ ಅದು. ತಾವು ಪ್ರೀತಿಸಿದವರು ನಡೆದು ತೋರಿಸಿದ ಮೇಲೆ ಜನರಿಗೆ ಅದು ಒಳ್ಳೆಯದೆನಿಸಿತು, ಕಿವಿ ತೆರೆಯಿತು. ಆದರೆ ನಮ್ಮ ಮನಸ್ಸು ಒಪ್ಪುವವರೆಗೆ ನಿಜವೇನೂ ಕಾಯುತ್ತಿರಲಿಲ್ಲ. ಕಾದವರು ಕುರುಡರು.

ಹೆಸರು ಬರೆಸಿದರಷ್ಟೇ ಸಾಲದು, ಕೊನೆಗೆ ಮನೆಯವರ ಒಪ್ಪಿಗೆ ಬೇಕು. ಆದ್ದರಿಂದ ಆರೋಗ್ಯವಾಗಿರುವಾಗಲೇ ಮನೆಯಲ್ಲಿ ಮಾತಾಡಿ. ಸತ್ಯಮಂಗಲದ ಕಡೆಗೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕಾದ ನಮಗೆ 6 ಗಂಟೆ ದೊಡ್ಡ ಹೊತ್ತೇನಲ್ಲ. ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನು ನಿಲ್ಲಿಸಿ, ತಡಮಾಡದೆ ಹತ್ತಿರದ ನೇತ್ರ ಭಂಡಾರಕ್ಕೆ ತಿಳಿಸಿ. ಅನಂತರ ವಿಭೂತಿ ಧರಿಸಿ, ಕರದಲ್ಲಿ ಲಿಂಗವಿಟ್ಟು ನಡೆಸುವ ಸಂಸ್ಕಾರಕ್ಕೆ ಯಾವ ಕೊರತೆಯೂ ಬಾರದು.

ಶರಣು ಶರಣಾರ್ಥಿಗಳೊಂದಿಗೆ,
ಕಾರ್ಯದರ್ಶಿ, ಶ್ರೀಮಠ