ಗುರುತಿಗೆ ಎಷ್ಟು ಪ್ರಮಾಣ ಬೇಕು?

'ಇವನೇ ಅವನು' ಎಂಬ ಅರಿವಿಗೆ ಭಾರತೀಯ ದರ್ಶನಗಳಲ್ಲಿ ಪ್ರತ್ಯಭಿಜ್ಞೆ ಎಂದು ಹೆಸರು. ಎದುರಿಗೆ ಕಾಣುವುದೂ ಹಿಂದೆ ಕಂಡ ನೆನಪೂ ಕೂಡಿದಾಗ ಅದು ಹುಟ್ಟುತ್ತದೆ. ಬ್ಯಾಂಕಿನ ಸರ್ವರ್‌ಗೆ ಆ ಅನುಕೂಲವಿಲ್ಲ. ಖಾತೆದಾರರನ್ನು ಅದು ಕಾಣಲಾರದು, ಅವರು ಒಪ್ಪಿಸುವ ಗುರುತುಗಳನ್ನಷ್ಟೇ ಪರೀಕ್ಷಿಸಬಲ್ಲದು. ಗುರುತುಗಳು ಮೂರು ಬಗೆ: ಪಾಸ್‌ವರ್ಡ್‌ನಂತೆ ಮನಸ್ಸಿನಲ್ಲಿರುವುದು, ಫೋನಿನಂತೆ ಕೈಯಲ್ಲಿರುವುದು, ಬೆರಳಚ್ಚಿನಂತೆ ಮೈಯಲ್ಲಿರುವುದು. ಇವುಗಳಲ್ಲಿ ಎರಡು ಬಗೆಯನ್ನಾದರೂ ಕೇಳುವುದೇ ಬಹು ಅಂಶಗಳ ದೃಢೀಕರಣ. ಆನ್‌ಲೈನ್ ಕಾರ್ಡ್ ಪಾವತಿಗೆ ಇಂಥ ಹೆಚ್ಚುವರಿ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಕಡ್ಡಾಯಗೊಳಿಸಿತು. ಆದರೆ ಕದಿಯಬಹುದಾದ, ಕಳೆದುಹೋಗಬಹುದಾದ ಗುರುತುಗಳಿಂದ ವ್ಯಕ್ತಿಯನ್ನು ನಿಶ್ಚಯಿಸಬಹುದೇ ಎಂಬ ಪ್ರಶ್ನೆ ಬ್ಯಾಂಕುಗಳಿಗಿಂತ ಬಹಳ ಹಳೆಯದು.

ವಾಲ್ಮೀಕಿ ರಾಮಾಯಣದ ಸುಂದರಕಾಂಡ ಈ ಪ್ರಶ್ನೆಯನ್ನು ಅದರ ಪೂರ್ಣ ತೀವ್ರತೆಯಲ್ಲಿ ಎದುರಿಸುತ್ತದೆ. ರಾವಣನ ಸನ್ಯಾಸಿ ವೇಷಕ್ಕೆ ಒಮ್ಮೆ ಮೋಸಹೋದ ಸೀತೆ, ಅಶೋಕವನದಲ್ಲಿ ಹನುಮಂತನನ್ನು ಕಂಡಾಗ ಇವನೂ ರಾವಣನೇ ಇರಬೇಕೆಂದು ಶಂಕಿಸುತ್ತಾಳೆ. ರಾಮಲಕ್ಷ್ಮಣರ ದೇಹಲಕ್ಷಣಗಳನ್ನು ಹೇಳೆಂದು ಕೇಳುತ್ತಾಳೆ. ಹನುಮಂತ ಅವನ್ನು ಬಿಡಿಬಿಡಿಯಾಗಿ ವರ್ಣಿಸಿ, ಆಮೇಲೆ ರಾಮನ ಮುದ್ರೆಯುಂಗುರವನ್ನು ಕೊಡುತ್ತಾನೆ. ಉಂಗುರವನ್ನು ಕಿತ್ತು ತಂದಿರಬಹುದು, ಲಕ್ಷಣಗಳನ್ನು ಗೂಢಚಾರನೂ ನೋಡಿರಬಹುದು. ಎರಡೂ ಒಬ್ಬನಲ್ಲೇ ಸೇರಿದಾಗ ಶಂಕೆಗೆ ಜಾಗ ಕಿರಿದಾಗುತ್ತದೆ. ಸೀತೆಯೂ ಮರಳಿ ಎರಡನ್ನು ಕಳಿಸುತ್ತಾಳೆ: ಚೂಡಾಮಣಿ, ಮತ್ತು ಚಿತ್ರಕೂಟದಲ್ಲಿ ಕಾಗೆಯೊಂದು ಪೀಡಿಸಿದ ಪ್ರಸಂಗ. ಇಲ್ಲಿ ಗುರುತು ಕೇಳುವವನೂ ಪರೀಕ್ಷೆಗೆ ಒಳಗಾಗುತ್ತಾನೆ ಎಂಬುದು ಮುಖ್ಯ. ನಕಲಿ ಜಾಲತಾಣದಲ್ಲಿ ಒಟಿಪಿ ತುಂಬಿದವರು ಬಿಟ್ಟದ್ದು ಆ ಪರೀಕ್ಷೆಯನ್ನೇ. ವಂಚಕರು ಆ ಒಟಿಪಿಯನ್ನು ತಕ್ಷಣ ಅಸಲಿ ತಾಣದಲ್ಲಿ ಬಳಸುತ್ತಾರೆ. ಸೆಕ್ಯುರಿಟಿ ಕೀ ಎಂಬ ಪುಟ್ಟ ಉಪಕರಣ ನೋಂದಾಯಿತ ವಿಳಾಸಕ್ಕೆ ಮಾತ್ರ ಉತ್ತರಿಸುವುದರಿಂದ ಆ ಎಚ್ಚರವನ್ನು ಉಪಕರಣವೇ ವಹಿಸುತ್ತದೆ.

ಒಂದೇ ವಸ್ತುವನ್ನು ಹಲವು ಪ್ರಮಾಣಗಳು, ಅಂದರೆ ಅರಿವಿನ ಸಾಧನಗಳು, ತಿಳಿಸಬಲ್ಲವೆಂಬುದು ನ್ಯಾಯದರ್ಶನದ ಪ್ರಮಾಣಸಂಪ್ಲವ ವಾದ. ವಾತ್ಸ್ಯಾಯನ ಕೊಡುವ ಉದಾಹರಣೆ ಬೆಂಕಿಯದು: ಮೊದಲು ಆಪ್ತರ ಮಾತಿನಿಂದ, ಸಮೀಪಿಸಿದಾಗ ಹೊಗೆಯಿಂದ, ಕೊನೆಗೆ ಕಣ್ಣಿನಿಂದ ಅದೇ ಬೆಂಕಿ ತಿಳಿಯುತ್ತದೆ. ಬೌದ್ಧ ದಿಙ್ನಾಗ ಇದನ್ನು ಒಪ್ಪುವುದಿಲ್ಲ; ಪ್ರತಿ ಪ್ರಮಾಣಕ್ಕೂ ಅದರದೇ ವಿಷಯ ಎನ್ನುತ್ತಾನೆ. ಖಾತೆಯ ಮಟ್ಟಿಗೆ ಇಬ್ಬರಿಂದಲೂ ಕಲಿಯುವುದಿದೆ. ಪಾಸ್‌ವರ್ಡ್ ತಿಳುವಳಿಕೆಯನ್ನು, ಫೋನ್ ಸ್ವಾಧೀನವನ್ನು ತೋರಿಸುತ್ತವೆ. ಎರಡೂ ವ್ಯಕ್ತಿಯನ್ನೇ ಮುಟ್ಟುವುದಿಲ್ಲ. ದಾರಿಗಳು ನಿಜವಾಗಿ ಬೇರೆಯಾಗಿದ್ದರೆ ಮಾತ್ರ ಅವುಗಳ ಕೂಡುವಿಕೆಗೆ ಬೆಲೆ. ಪಾಸ್‌ವರ್ಡಿನ ಜೊತೆ ಹುಟ್ಟೂರಿನ ಹೆಸರನ್ನು ಕೇಳಿದರೆ ಅದು ಒಂದೇ ಬಗೆಯನ್ನು ಎರಡು ಸಲ ಕೇಳಿದಂತೆ. ಪಾಸ್‌ವರ್ಡ್ ಉಳಿಸಿದ ಫೋನಿಗೇ ಒಟಿಪಿಯೂ ಬಂದರೆ, ಬೀಗ ತೆರೆದ ಆ ಫೋನ್ ಸಿಕ್ಕವರಿಗೆ ಎರಡೂ ಸಿಕ್ಕವು.

ಒಂದೇ ಗುರುತನ್ನು ನೆಚ್ಚಿದಾಗ ಆಗುವ ಅನ್ಯಾಯವನ್ನು ಕಾಳಿದಾಸನ ಶಾಕುಂತಲ ಕಾಣಿಸುತ್ತದೆ. ಉಂಗುರ ಕಳೆದುಕೊಂಡ ಹೆಂಡತಿ ಗಂಡನಿಗೇ ಅಪರಿಚಿತೆಯಾದಳು. ಮೀನಿನ ಹೊಟ್ಟೆಯಲ್ಲಿ ಅದು ಸಿಕ್ಕ ಬೆಸ್ತ ಕಳ್ಳನೆನಿಸಿಕೊಂಡ. ಫೋನ್ ಕಳೆದವರ ಸ್ಥಿತಿಯೂ ಅದೇ. ಆದ್ದರಿಂದ ಖಾತೆಯನ್ನು ಮರುಪಡೆಯುವ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೇರೆಡೆ ಜೋಪಾನವಾಗಿಡುವುದು ದೃಢೀಕರಣದ ಭಾಗವೇ.

ಪ್ರತಿ ಗುರುತಿಗೂ ಇನ್ನೊಂದು ಗುರುತನ್ನು ಕೇಳುತ್ತ ಹೋದರೆ ಅನವಸ್ಥೆ, ಅಂದರೆ ಕೊನೆಯಿಲ್ಲದ ಸರಣಿ. ನೈಯಾಯಿಕರು ಸಫಲವಾದ ಪ್ರವೃತ್ತಿಯಲ್ಲಿ, ಅಂದರೆ ನಂಬಿ ನಡೆದದ್ದು ಫಲ ಕೊಟ್ಟಾಗ, ಜ್ಞಾನದ ಸತ್ಯತೆಯನ್ನು ಗುರುತಿಸಿದರು. ಮಧ್ವಾಚಾರ್ಯರು ಸಾಕ್ಷಿಯಲ್ಲಿ, ಅಂದರೆ ಆತ್ಮದ ಸ್ವರೂಪವೇ ಆದ ಇಂದ್ರಿಯದಲ್ಲಿ, ಸರಣಿಯನ್ನು ನಿಲ್ಲಿಸಿದರು: 'ನಾನು' ಎಂಬ ಅರಿವನ್ನು ಸಾಕ್ಷಿಯೇ ನೇರವಾಗಿ ಗ್ರಹಿಸುತ್ತದೆ, ಅದಕ್ಕೆ ಬೇರೆ ಪ್ರಮಾಣ ಬೇಡ. ಆ ನಿಶ್ಚಯ ಅವರವರಿಗೆ ಮಾತ್ರ ಲಭ್ಯ, ಸರ್ವರ್‌ಗೆ ಅದನ್ನು ಕಳಿಸಲಾಗದು. ಆದಕಾರಣ ಖಾತೆಯ ಸರಣಿ ನಿಲ್ಲುವುದು ಬೇರೆಡೆ, ಗುರುತಿನ ದಾಖಲೆ ಹಿಡಿದು ಬಂದವರ ಮುಖವನ್ನು ಸಿಬ್ಬಂದಿಯೊಬ್ಬರು ನೋಡಿ ಒಪ್ಪುವ ಶಾಖೆಯಲ್ಲಿ.