ಜೀರ್ಣೋದ್ಧಾರದ ಹಣವೂ ಅಚೌರ್ಯವ್ರತವೂ

ಹಳೆಯ ಬಸದಿಯ ಮಾಳಿಗೆ ಸೋರತೊಡಗಿದೊಡನೆ ಆಡಳಿತ ಸಮಿತಿಯವರಿಗೆ ಮೊದಲು ನೆನಪಾಗುವುದು ಸರ್ಕಾರದ ಅನುದಾನ. ಅರ್ಜಿಯನ್ನು ಹೇಗೆ ಬರೆಯಬೇಕು, ಯಾರನ್ನು ಕಾಣಬೇಕು ಎಂಬ ಚರ್ಚೆ ನಡೆಯುತ್ತದೆಯೇ ಹೊರತು, ಆ ಹಣವನ್ನು ಸ್ವೀಕರಿಸುವುದು ಶ್ರಾವಕಧರ್ಮಕ್ಕೆ ಒಪ್ಪುವುದೇ ಎಂಬ ಪ್ರಶ್ನೆ ಏಳುವುದು ವಿರಳ. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಕಳವೆಂದು ತತ್ತ್ವಾರ್ಥಸೂತ್ರವು ನಿರೂಪಿಸುತ್ತದೆ. ಶಿರಾ ತಾಲ್ಲೂಕಿನ ತಾವರೆಕೆರೆಯ ಕಡಲೆಕಾಯಿ ಬೆಳೆಗಾರನು ಡೀಸೆಲ್ಲಿಗೆ, ಸಾಬೂನಿಗೆ ತೆರುವ ತೆರಿಗೆಯು ಮನಸಾರೆ ಕೊಟ್ಟ ದಾನವಲ್ಲ. ಅವನು ಬಸದಿಯ ಮೆಟ್ಟಿಲನ್ನು ಎಂದೂ ತುಳಿಯದವನಾಗಿರಬಹುದು. ಅವನ ಹಣವು ಬಸದಿಗೆ ಸಂದರೆ ಅದು ದತ್ತವೋ, ಅದತ್ತವೋ?

ರಾಜ್ಯಾಂಗವು ಇದಕ್ಕೆ ಎರಡು ಕಡೆಯಿಂದ ಉತ್ತರಿಸುತ್ತದೆ. ಯಾವುದೇ ಒಂದು ಧರ್ಮದ ಪೋಷಣೆಗೆಂದೇ ಮೀಸಲಾದ ತೆರಿಗೆಯನ್ನು ತೆರುವಂತೆ ಯಾರನ್ನೂ ಬಲವಂತಪಡಿಸಲಾಗದೆಂದು 27ನೆಯ ಅನುಚ್ಛೇದ ಹೇಳಿದರೆ, ರಾಷ್ಟ್ರೀಯ ಮಹತ್ತ್ವದ ಸ್ಮಾರಕಗಳನ್ನು ರಕ್ಷಿಸುವುದು ರಾಜ್ಯದ ಹೊಣೆಯೆಂದು 49ನೆಯ ಅನುಚ್ಛೇದ ಹೇಳುತ್ತದೆ. ಹಜ್ ಸಹಾಯಧನದ ಪ್ರಕರಣದಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಟ್ಟು ತೆರಿಗೆಯ ಅಲ್ಪಭಾಗವಷ್ಟೇ ವಿನಿಯೋಗವಾದರೆ 27ನೆಯ ಅನುಚ್ಛೇದಕ್ಕೆ ಭಂಗವಿಲ್ಲವೆಂದು ತೀರ್ಮಾನಿಸಿತು. ಕಾನೂನಿಗೆ ಇಷ್ಟು ಸಾಕು. ವ್ರತಧಾರಿಗೆ ಸಾಲದು, ಮೊತ್ತ ಚಿಕ್ಕದೆಂಬ ಕಾರಣಕ್ಕೆ ಅದತ್ತವು ದತ್ತವಾಗದು.

ಶಿರಾ ಪಟ್ಟಣದಲ್ಲಿರುವ ಮಲಿಕ್ ರಿಹಾನನ ಗೋರಿಯನ್ನೂ ಜುಮ್ಮಾ ಮಸೀದಿಯನ್ನೂ, ಮಧುಗಿರಿಯ ಬೆಟ್ಟದ ಕೋಟೆಯನ್ನೂ ಕಾಯುತ್ತಿರುವುದು ಕೇಂದ್ರ ಪುರಾತತ್ತ್ವ ಇಲಾಖೆ. ಜೈನನ ತೆರಿಗೆಯೂ ಅಲ್ಲಿಗೆ ಸಲ್ಲುತ್ತದೆ. ಅದಕ್ಕೆ ಯಾರೂ ಬೇಸರಪಟ್ಟಿಲ್ಲ. ಏಕೆಂದರೆ ಅಲ್ಲಿ ಕಾಯಲ್ಪಡುವುದು ನಾಡಿನ ಶಿಲ್ಪ, ನಾಡಿನ ಚರಿತ್ರೆ. ಬಸದಿಯ ಕಂಬ, ಭಿತ್ತಿ, ಶಾಸನಗಳೂ ಹಾಗೆಯೇ. ಇವುಗಳ ಮಟ್ಟಿಗೆ ತಾವರೆಕೆರೆಯ ರೈತನ ಹಣ ದತ್ತವೇ; ಏಕೆಂದರೆ ಅವನಿಗೂ ಅವುಗಳಲ್ಲಿ ಪಾಲಿದೆ. ನಿತ್ಯಪೂಜೆ, ದೀಪ, ಪಂಚಕಲ್ಯಾಣದ ಚಪ್ಪರ, ಊಟದ ಮನೆ ಇವುಗಳಲ್ಲಿ ಅವನಿಗೆ ಪಾಲಿಲ್ಲ. ಇವಕ್ಕೆ ಶ್ರಾವಕರೇ ಕೈಯಿಂದ ಕೊಡತಕ್ಕದ್ದು. ವ್ಯಾಪಾರಿಯ ಮಾತಿನಲ್ಲಿ ಇವು ಎರಡು ಖಾತೆಗಳು. ಒಂದರ ಜಮೆಯಿಂದ ಇನ್ನೊಂದರ ಖರ್ಚನ್ನು ಬರೆಯಲಾಗದು.

ಇದಕ್ಕಿಂತ ಸೂಕ್ಷ್ಮವಾದ ದೋಷವೊಂದಿದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಅಂದರೆ ಅಸಲಿನ ಹೆಸರಿನಲ್ಲಿ ನಕಲನ್ನು ದಾಟಿಸುವುದು. ತುಪ್ಪಕ್ಕೆ ಬೆರಕೆ ಮಾಡುವ ಅಂಗಡಿಯವನಿಗಷ್ಟೇ ಇದು ಅನ್ವಯವೆಂದು ತಿಳಿಯಬೇಕಾಗಿಲ್ಲ. ಜೀರ್ಣೋದ್ಧಾರವೆಂದು ಹಣ ಪಡೆದು, ಸುಣ್ಣದ ಗಾರೆಯನ್ನು ಕೆತ್ತಿ ಸಿಮೆಂಟು ಬಳಿದರೆ, ಭಿತ್ತಿಯೊಳಗಿನ ತೇವವು ಹೊರಹೋಗಲಾರದೆ ಉಪ್ಪುಗಟ್ಟಿ, ಕೆಲವೇ ವರ್ಷಗಳಲ್ಲಿ ಕಲ್ಲಿನ ಮೈ ಪದರಪದರವಾಗಿ ಉದುರುತ್ತದೆ. ಯಂತ್ರದಿಂದ ಮರಳು ಚಿಮ್ಮಿ ಕಂಬ ತೊಳೆದರೆ ಶಾಸನದ ಅಕ್ಷರಗಳೂ ಸವೆಯುತ್ತವೆ. ಬಳಿಕ ಅದರ ಮೇಲೆ ಎಣ್ಣೆಬಣ್ಣ, ನೆಲಕ್ಕೆ ನುಣುಪಾದ ಟೈಲ್ಸ್! ಉದ್ಘಾಟನೆಯ ದಿನ ಎಲ್ಲರೂ ಸಂತೋಷಪಡುತ್ತಾರೆ. ಪ್ರಾಚೀನ ಬಸದಿಗೆಂದು ನಾಡು ಕೊಟ್ಟ ಹಣದಿಂದ ಪ್ರಾಚೀನವಾದುದನ್ನೇ ಅಳಿಸಿ ಹೊಸತನ್ನು ನಿಲ್ಲಿಸಿದ್ದು ಪ್ರತಿರೂಪಕವಲ್ಲದೆ ಮತ್ತೇನು? ಕಿಸೆಗೆ ಒಂದು ಕಾಸೂ ಹಾಕಿಕೊಳ್ಳದವರೂ ಹೀಗೆ ಅತಿಚಾರಕ್ಕೆ ಒಳಗಾಗಬಲ್ಲರು. ಸಂರಕ್ಷಿತ ಸ್ಮಾರಕದ ನೂರು ಮೀಟರಿನೊಳಗೆ ಹೊಸ ಕಟ್ಟಡ ಕೂಡದೆಂಬ 2010ರ ತಿದ್ದುಪಡಿಯನ್ನು ಮೀರಿ ಯಾತ್ರಿನಿವಾಸ ಕಟ್ಟುವುದಂತೂ ವಿರುದ್ಧರಾಜ್ಯಾತಿಕ್ರಮವೇ.

ಕೊಡುವವರು ಯಾರೆಂಬುದಕ್ಕೆ ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟದ ನಿದರ್ಶನ ಮನನೀಯ. ಹದಿಮೂರನೆಯ ಶತಮಾನದಲ್ಲಿ ಇರುಂಗೋಳನ ಆಳ್ವಿಕೆಯಲ್ಲಿ ಗಂಗೇಯನ ಮಾರೆಯನು ಅಲ್ಲಿ ಪಾರ್ಶ್ವಜಿನರ ಬಸದಿಯನ್ನು ಕಟ್ಟಿಸಿದನು. ಅರಸನು ಭೂಮಿಯನ್ನು ಬಿಟ್ಟರೆ, ಒಕ್ಕಲುಮಕ್ಕಳು ಅಡಕೆ, ವೀಳ್ಯದೆಲೆಗಳನ್ನು ಕೊಟ್ಟರು. ಅರಸನ ಕೊಡುಗೆ ಬಂದಿತೆಂದು ಊರು ಕೈಕಟ್ಟಿ ಕೂರಲಿಲ್ಲ. 1991ರಲ್ಲಿ ಸ್ಥಾಪಿತವಾದ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು ಪ್ರಾಚೀನ ದೇಗುಲ, ಬಸದಿಗಳ ಜೀರ್ಣೋದ್ಧಾರದಲ್ಲಿ ಸರ್ಕಾರದ ಪಾಲು, ಟ್ರಸ್ಟಿನ ಪಾಲುಗಳ ಜೊತೆಗೆ ಊರಿನವರ ಪಾಲನ್ನೂ ಕೇಳುವ ಪದ್ಧತಿಯನ್ನು ರೂಢಿಗೆ ತಂದಿತು. ಊರಿನವರ ಪಾಲು ಚಿಕ್ಕದಾದರೂ ಅದನ್ನು ಕೊಟ್ಟವರು ಗಾರೆ ಕಲಸುವಲ್ಲಿ ಬಂದು ನಿಂತು ನೋಡುತ್ತಾರೆ, ಲೆಕ್ಕ ಕೇಳುತ್ತಾರೆ.

ಒಂದು ತೊಡಕು ಉಳಿಯುತ್ತದೆ. ಬಸದಿಯುಂಟು, ಜೈನರ ಮನೆ ಒಂದೂ ಇಲ್ಲ ಎಂಬ ಊರುಗಳು ಹಲವು. ಅಲ್ಲಿ ಊರಿನ ಪಾಲನ್ನು ಯಾರಿಂದ ಕೇಳುವುದು? ಆ ಊರುಗಳನ್ನು ಬಿಟ್ಟು ತುಮಕೂರು, ಬೆಂಗಳೂರುಗಳಲ್ಲಿ ವ್ಯಾಪಾರ ಹೂಡಿದ ಮನೆತನಗಳು ಅದನ್ನು ತಮ್ಮ ಸಾಲವೆಂದು ಬರೆದುಕೊಳ್ಳುವುದು ನ್ಯಾಯ. ಇಷ್ಟು ಕಾಲ ಹೊಲದ ಬದುವಿನ ನಿಷಿಧಿಗಲ್ಲನ್ನು ಕೀಳದೆ, ಅದನ್ನು ಬಳಸಿ ನೇಗಿಲು ಹೊಡೆದ ಒಕ್ಕಲಿಗನಾದರೋ ತನ್ನ ಪಾಲನ್ನು ಆಗಲೇ ಸಲ್ಲಿಸಿಯಾಗಿದೆ.